ನಾತ ನಿಂತರೆ ಓಡು

ಬೆಳಿಗ್ಗೆ ಹತ್ತಕ್ಕೆ ಆ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಒಂದು ಅಭಿಪ್ರಾಯ ಕೇಳಬೇಕು. ಅದು ಅಲ್ಲಿಯ ರೂಢಿ. ಗೋಡೆಯ ಮೇಲೆ ಹೆಸರುಗಳ ಸರದಿ ಪಟ್ಟಿ ಇದೆ. ಸರದಿ ಬಂದವರು ಮೂರು ನಿಮಿಷ ಮಾತಾಡಬೇಕು. ತಂತ್ರಜ್ಞಾನ, ಕೆಲಸ, ಸಂಸ್ಕೃತಿ, ಈ ಮೂರರಲ್ಲಿ ಯಾವುದಾದರೂ ಆದೀತು. ಕಂಪ್ಯೂಟರಿನ ಪರದೆ ಕಪ್ಪಗಿದ್ದರೆ ಒಳ್ಳೆಯದೋ ಬೆಳ್ಳಗಿದ್ದರೆ ಒಳ್ಳೆಯದೋ. ಕುರ್ಚಿಗೆ ಕೈ ಬೇಕೋ ಬೇಡವೋ. ಮೀಟಿಂಗ್ ಮಾಡುವ ಬದಲು ಒಂದು ಮೇಲ್ ಹಾಕಿದರೆ ಸಾಲದೋ. ಕೂತ ಮೇಜಿನಲ್ಲೇ ಉಣ್ಣುವವರಿಗೆ ಸಂಸ್ಕಾರ ಇದೆಯೋ ಇಲ್ಲವೋ. ಕೇಳಿದವರು ಚಪ್ಪಾಳೆ ತಟ್ಟಿ ಕಾಫಿಗೆ ಹೋಗುತ್ತಾರೆ. ಹೊಟ್ಟೆ ತುಂಬಿದವರಿಗೆ ಅಭಿಪ್ರಾಯವೂ ಒಂದು ತೇಗು.

ಸರದಿ ಯಾರದೇ ಇರಲಿ, ಕೊನೆಯ ಮಾತು ಮಾತ್ರ ತಂಡದ ಮುಖ್ಯಸ್ಥನದು. ಪ್ಯಾಂಟ್ರಿಯಲ್ಲಿ ಲೋಟ ತೊಳೆಯುವ ಆಯಾ ಅವನಿಗೆ ಅಭಿಪ್ರಾಯಪ್ಪ ಎಂದು ಹೆಸರಿಟ್ಟಿದ್ದಳು. ಅವನು ಲೋಟ ಹಿಡಿಯುವುದರ ಮೇಲೂ ಅಭಿಪ್ರಾಯ ಹೇಳುತ್ತಿದ್ದ, ಲೋಟ ಇಡುವುದರ ಮೇಲೂ ಹೇಳುತ್ತಿದ್ದ. ಕುಡಿದ ಲೋಟವನ್ನು ತೊಳೆಯುವುದರ ಮೇಲೆ ಮಾತ್ರ ಅವನಿಗೆ ಅಭಿಪ್ರಾಯ ಇರಲಿಲ್ಲ. ವಾರಕ್ಕೊಮ್ಮೆಯಾದರೂ ಅವನ ಬಾಯಿಂದ ಬರುತ್ತಿದ್ದ ಮಾತು ಒಂದಿತ್ತು.

"ಯಂತ್ರಕ್ಕೆ ಮೇಲು ಕೀಳು ಗೊತ್ತಿಲ್ಲ ನೋಡಿ. ಅದಕ್ಕೇ ನಾನು ಮನುಷ್ಯರಿಗಿಂತ ಯಂತ್ರನ ನಂಬೋದು."

ಚಪ್ಪಾಳೆ.

ಇದನ್ನೆಲ್ಲ ಪ್ರಿಂಟರಿನ ಪಕ್ಕ ನಿಂತು ಕೇಳುತ್ತಿದ್ದವಳೊಬ್ಬಳಿದ್ದಳು. ಅವಳ ಕೊರಳಲ್ಲಿ ಹಳದಿ ಪಟ್ಟಿ. ಉಳಿದವರ ಕೊರಳಲ್ಲಿ ಕಪ್ಪು ಪಟ್ಟಿ. ಕಪ್ಪು ಅಂದರೆ ಕಂಪನಿಯವರು. ಹಳದಿ ಅಂದರೆ ಬೇರೊಂದು ಕಂಪನಿ ಗುತ್ತಿಗೆಗೆ ಕಳಿಸಿದವರು. ಹಳದಿ ಪಟ್ಟಿಯವರ ಹೆಸರು ಗೋಡೆಯ ಪಟ್ಟಿಗೆ ಹತ್ತುವುದಿಲ್ಲ. ಎರಡು ವರ್ಷದಲ್ಲಿ ಅವಳು ಐನೂರು ಅಭಿಪ್ರಾಯ ಕೇಳಿದ್ದಳು. ಒಂದನ್ನೂ ಹೇಳಿರಲಿಲ್ಲ. ಅಭಿಪ್ರಾಯಪ್ಪ ಕಪ್ಪು ಪಟ್ಟಿಗೆ 'ನೀವು' ಅನ್ನುತ್ತಿದ್ದ, ಹಳದಿ ಪಟ್ಟಿಗೆ 'ನೀನು' ಅನ್ನುತ್ತಿದ್ದ. ಇದು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ.

ಅವಳ ಕೆಲಸ ಮೂಗಿಗೆ ಪಾಠ ಹೇಳುವುದು.

ಮೂಗು ಅಂದರೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮುಂದೆ ತೂತುಗಳು. ಒಳಗೊಂದು ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ. ಮೇಲೊಂದು ಕೆಂಪು ದೀಪ, ಕಿವಿ ಹರಿಯುವಂಥ ಸೈರನ್ನು. ಅದಕ್ಕೆ ತಾನಾಗಿ ಏನೂ ಗೊತ್ತಿಲ್ಲ. ಸೀಸೆಯ ಮುಚ್ಚಳ ತೆಗೆದು ಅದರ ಮುಂದೆ ಹಿಡಿಯಬೇಕು. ಆ ವಾಸನೆ ಏನು ಎಂದು ಒಬ್ಬ ಮನುಷ್ಯ ಮೂಸಿ ಬರೆಯಬೇಕು. ಹಾಗೆ ನೂರಾರು ಸಲ ಬರೆದರೆ ಪೆಟ್ಟಿಗೆ ಕಲಿಯುತ್ತದೆ. ಮೊದಲು ಈ ಕೆಲಸಕ್ಕೆ ಒಬ್ಬ ಕಪ್ಪು ಪಟ್ಟಿಯವನು ಕೂತ. ಮೂರನೆಯ ಸೀಸೆಗೆ ಕಸದ ಬುಟ್ಟಿಗೆ ವಾಂತಿ ಮಾಡಿಕೊಂಡ. ಇನ್ನೊಬ್ಬ ತನ್ನ ಆರೋಗ್ಯಕ್ಕೆ ಇದು ಆಗಿಬರುವುದಿಲ್ಲ ಎಂದು ಎರಡು ಪುಟ ಬರೆದುಕೊಟ್ಟ. ಆಗ ಅಭಿಪ್ರಾಯಪ್ಪನ ಕಣ್ಣು ಪ್ರಿಂಟರಿನ ಕಡೆ ಹೊರಳಿತು.

"ನಿಮ್ಮಪ್ಪ ಮ್ಯಾನ್‌ಹೋಲ್ ಕೆಲಸದಲ್ಲಿದಾರೆ ಅಲ್ವಾ? ನಿನಗೆ ಇದೆಲ್ಲ ಅಭ್ಯಾಸ ಇರುತ್ತೆ ಬಿಡು."

ಯಾರೂ ನಗಲಿಲ್ಲ. ಎಲ್ಲರೂ ತಂತಮ್ಮ ಪರದೆ ನೋಡಿದರು. ನಕ್ಕಿದ್ದರೇ ವಾಸಿಯಿತ್ತು.

ಅವಳು ಅವತ್ತು ಸಿಟ್ಟಾಗಲಿಲ್ಲ. ಹೂಂ ಅಂದಳು. ಅದಕ್ಕೆ ಕಾರಣ ಅವಳ ಅಣ್ಣ.

ಅಣ್ಣನೂ ಅಪ್ಪನ ಜೊತೆ ಗುಂಡಿಗೆ ಇಳಿಯುತ್ತಿದ್ದ. ಇಳಿಯುವವರ ನಡುವೆ ಒಂದು ಮಾತಿದೆ. ನಾತ ಇದ್ದರೆ ಹೆದರಬೇಡ, ನಾತ ನಿಂತರೆ ಓಡು. ಕೊಲ್ಲುವ ಗಾಳಿ ಮೊದಲು ಮೂಗನ್ನು ಕೊಲ್ಲುತ್ತದೆ. ಆಮೇಲೆ ಮನುಷ್ಯನನ್ನು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಗುಂಡಿಯೊಳಗಿಂದ ಅಣ್ಣನ ದನಿ ಬಂತು. ದನಿಯಲ್ಲಿ ಖುಷಿಯಿತ್ತು.

"ಅಪ್ಪಾ, ಈಗ ನಾತವೇ ಇಲ್ಲ ಕಣಪ್ಪಾ."

ಅಪ್ಪ ಹಗ್ಗ ಎಳೆದ. ಹಗ್ಗದ ತುದಿಗೆ ಬಕೆಟ್ಟು ಬಂತು. ಹಗ್ಗ ಇದ್ದದ್ದು ಕೆಸರಿಗೆ, ಮನುಷ್ಯನಿಗಲ್ಲ. ಅಪ್ಪ ಗುಂಡಿಗೆ ಹಾರಲು ಹೋದ. ನಾಲ್ಕು ಜನ ಅವನನ್ನು ರಸ್ತೆಗೆ ಕೆಡವಿ ಮೇಲೆ ಕೂತರು. ಅಣ್ಣ ಹೊರಗೆ ಬಂದಾಗ ಅವನ ಬಾಯಿ ತೆರೆದೇ ಇತ್ತು.

ಮೂಗು ಹುಟ್ಟಿದ್ದು ಅಂಥ ಗುಂಡಿಗಾಗಿ. ಹಾಗೆಂದು ಕಂಪನಿಯ ಗೋಡೆಯ ಮೇಲೇ ಬರೆದಿತ್ತು. ಹಗ್ಗ ಕಟ್ಟಿ ಮೊದಲು ಪೆಟ್ಟಿಗೆ ಇಳಿಸುವುದು. ಕೂಗಿದರೆ ಯಾರೂ ಇಳಿಯಬಾರದು. ಅವಳು ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು.

"ಇದೊಂದು ಬಂದ್ರೆ ಇನ್ಯಾರೂ ಸಾಯಲ್ಲ ಅಪ್ಪಾ."

ಮಾರನೆಯ ದಿನ ಅಪ್ಪ ಎರಡು ಸೀಸೆ ತುಂಬಿಸಿ ತಂದ. ಅದರ ಮಾರನೆಯ ದಿನ ನಾಲ್ಕು. ಮೊಣಕಾಲು ಮಟ್ಟದ ಕೆಸರಲ್ಲಿ ನಿಂತು, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಸೀಸೆ ತುಂಬಿ, ಹಲ್ಲಲ್ಲಿ ಮುಚ್ಚಳ ಕಚ್ಚಿ ತಿರುಪಿ. ಯಾವ ರಸ್ತೆ, ಎಷ್ಟು ಆಳ, ಅಲ್ಲಿ ತಲೆ ಸುತ್ತಿತೋ ಇಲ್ಲವೋ ಎಲ್ಲ ಬಾಯಲ್ಲಿ ಹೇಳುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು. ಓದು ಬರಹ ಇಲ್ಲದ ಆ ಮನುಷ್ಯ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಆಮೇಲೆ ಅವಳು ಅವನ ಅಂಗಿ ಕೇಳಿದಳು. ಕೆಲಸ ಮುಗಿಸಿದ ಅಂಗಿ. ಸ್ನಾನ ಮಾಡಿದ ಮೇಲಿನ ಅಂಗಿ.

"ನನ್ನ ನಾತ ಯಾತಕ್ಕೆ ಮಗಳೇ?"

"ಇದು ಗ್ಯಾಸಲ್ಲ, ಇದು ಮನುಷ್ಯ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲಪ್ಪಾ. ಇಲ್ದಿದ್ರೆ ನಿನ್ನ ಕಂಡ್ರೂ ಕೂಗುತ್ತೆ."

ಅಪ್ಪ ನಕ್ಕಿದ್ದ. ಅಣ್ಣ ಹೋದ ಮೇಲೆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ನಾನೂರು ಸೀಸೆ. ಮೂರು ಬಗೆಯ ಲೇಬಲ್ಲು. 'ಕೊಲ್ಲುತ್ತದೆ.' 'ಬರೀ ನಾತ.' 'ಮನುಷ್ಯ.' ಎಲ್ಲ ಅವಳದೇ ಕೈಬರಹ. ಬೆಳಗಿನಿಂದ ಸಂಜೆಯವರೆಗೆ ಕಿಟಕಿ ಇಲ್ಲದ ಕೋಣೆಯಲ್ಲಿ ಕೂತು ಮೂಸುತ್ತಿದ್ದಳು. ಕಣ್ಣು ಉರಿಯುತ್ತಿತ್ತು. ತಲೆ ಸಿಡಿಯುತ್ತಿತ್ತು. ಮಧ್ಯಾಹ್ನದ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಅವಳು ಲಿಫ್ಟಿಗೆ ಹತ್ತಿದರೆ ಕಪ್ಪು ಪಟ್ಟಿಗಳಿಗೆ ಇದ್ದಕ್ಕಿದ್ದಂತೆ ಫೋನ್ ಬರುತ್ತಿತ್ತು, ಮುಂದಿನ ಲಿಫ್ಟಿಗೆ ನಿಲ್ಲುತ್ತಿದ್ದರು. ಪ್ಯಾಂಟ್ರಿಯಲ್ಲಿ ಅವಳ ಲೋಟದ ಮೇಲೆ ಯಾರೋ ಕೆಂಪು ಚುಕ್ಕೆ ಇಟ್ಟಿದ್ದರು. ಆಯಾ ಅದನ್ನು ಉಜ್ಜಿ ತೆಗೆದಳು. ಮತ್ತೆ ಇಟ್ಟರು. ಮೂರನೆಯ ಸಲ ಆಯಾ ಎಲ್ಲರ ಲೋಟಕ್ಕೂ ಕೆಂಪು ಚುಕ್ಕೆ ಇಟ್ಟಳು. ಅದೊಂದು ದಿನ ಆಫೀಸಿನಲ್ಲಿ ಯಾರೂ ಕಾಫಿ ಕುಡಿಯಲಿಲ್ಲ.

ಎಲ್ಲ ನುಂಗಿದಳು. ಅಣ್ಣನ ತೆರೆದ ಬಾಯಿ ನೆನೆದು ನುಂಗಿದಳು.

ಆರು ತಿಂಗಳ ಹಿಂದೆ ಮೂಗಿಗೆ ಗಿರಾಕಿ ಸಿಕ್ಕಿದ. ಚರಂಡಿಯವರಲ್ಲ. ಐದಾರು ದೊಡ್ಡ ಅಂಗಡಿ ಕಟ್ಟಡಗಳ ಯಜಮಾನ. ಬೆಳಗಿನ ಅಭಿಪ್ರಾಯದಲ್ಲಿ ಅಭಿಪ್ರಾಯಪ್ಪ ಸುದ್ದಿ ಒಡೆದ.

"ಗುಂಡಿಗೆ ಗಿರಾಕಿ ಇಲ್ಲ. ಬಾಗಿಲಿಗೆ ಇದ್ದಾರೆ. ಈ ಪೆಟ್ಟಿಗೆ ಇನ್ಮೇಲೆ ಬಾಗಿಲ ಮೇಲೆ ಕೂರುತ್ತೆ. ಒಳಗೆ ಬರೋರ ಹತ್ರ ಬೇರೆಯವರಿಗೆ ಸಹಿಸೋಕಾಗದ ವಾಸನೆ ಇದ್ರೆ ಕೂಗುತ್ತೆ. ಸೆಕ್ಯೂರಿಟಿಯವನು ಮುಖ ನೋಡಿ ತಡೆದ್ರೆ ಗಲಾಟೆ ಆಗುತ್ತೆ. ಯಂತ್ರ ತಡೆದ್ರೆ ಯಾರಿಗೂ ಬೇಜಾರಿಲ್ಲ. ಯಂತ್ರಕ್ಕೆ ಮೇಲು ಕೀಳು ಗೊತ್ತಿಲ್ವಲ್ಲ."

ಚಪ್ಪಾಳೆ.

ಮೂರು ಲೇಬಲ್ಲು ಎರಡಾದವು. 'ಬಿಡು' ಮತ್ತು 'ತಡೆ'. 'ಕೊಲ್ಲುತ್ತದೆ' ಎಂಬುದನ್ನು ಅಳಿಸಿಯೇ ಬಿಟ್ಟರು. 'ಬರೀ ನಾತ'ವನ್ನೂ 'ಮನುಷ್ಯ'ನನ್ನೂ ಒಟ್ಟಿಗೆ 'ತಡೆ'ಗೆ ಸುರಿದರು. ಸ್ನಾನಕ್ಕೆ ಮುಂಚಿನ ಅಂಗಿ, ಸ್ನಾನದ ನಂತರದ ಅಂಗಿ, ಎಲ್ಲ ಅಲ್ಲಿಗೇ. ಕೊಲ್ಲುವ ಗಾಳಿಯನ್ನು ಹಿಡಿಯುವ ಭಾಗ ನಾಣ್ಯದಷ್ಟು ಸಣ್ಣದು. ಅದನ್ನು ಕಿತ್ತು ಡ್ರಾಯರಿಗೆ ಎಸೆದರು. ಅವಳು ಬಾಯಿಬಿಟ್ಟು ಕೇಳಿದಳು. ಅಭಿಪ್ರಾಯಪ್ಪ ತಲೆ ಎತ್ತದೆ ಹೇಳಿದ.

"ಅಂಗಡೀಲಿ ಯಾರು ಗ್ಯಾಸಿಂದ ಸಾಯ್ತಾರೆ?"

ಅವಳು ಸುಮ್ಮನಾದಳು. ಮನೆಯಲ್ಲೂ ಸುಮ್ಮನಿದ್ದಳು. ಅಪ್ಪ ಸೀಸೆ ತರುತ್ತಲೇ ಇದ್ದ, ಇವಳು ಇಸಿದುಕೊಳ್ಳುತ್ತಲೇ ಇದ್ದಳು. ಕೆಲಸ ಹೋದೀತು ಎಂಬ ಹೆದರಿಕೆ. ಇನ್ನೇನೂ ಅಲ್ಲ, ಬರೀ ಹೆದರಿಕೆ. ಇದರಲ್ಲಿ ಅವಳನ್ನು ಸಮರ್ಥಿಸಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ಒಂದೇ ಒಂದು ಕೆಲಸ ಉಳಿದಿತ್ತು. ಯಜಮಾನನ ಎದುರಿಗೆ ಡೆಮೊ. ಅದು ಮುಗಿದ ಮೇಲೆ ಒಂದು ಕಾಗದದ ಮೇಲೆ ಅವಳ ಸಹಿ. ಲೇಬಲ್ ಬರೆದವರು 'ಎಲ್ಲ ಸರಿಯಾಗಿದೆ' ಎಂದು ಸಹಿ ಹಾಕದೆ ಪೆಟ್ಟಿಗೆ ಮಾರುವಂತಿಲ್ಲ. ಇದೊಂದು ಮಾತ್ರ ನಿಯಮದ ಪುಸ್ತಕದಲ್ಲಿತ್ತು.

"ಸಹಿ ಹಾಕಿದ ದಿನವೇ ನಿನಗೆ ಕಪ್ಪು ಪಟ್ಟಿ" ಎಂದ ಅಭಿಪ್ರಾಯಪ್ಪ. "ಗೋಡೆ ಮೇಲೆ ಹೆಸರೂ ಬರುತ್ತೆ. ಇನ್ನೊಂದು ವಿಷಯ. ಕಟ್ಟಡದ ಹಿಂದಿನ ಗುಂಡಿ ನಾಲ್ಕು ದಿನದಿಂದ ಕಟ್ಕೊಂಡಿದೆ. ಕೆಳಗಡೆ ಟಾಯ್ಲೆಟ್ಟಿಗೆ ಕಾಲಿಡೋಕಾಗಲ್ಲ. ನಾಳೆ ಕ್ಲೀನ್ ಮಾಡೋಕೆ ಬರ್ತಿರೋದು ನಿಮ್ಮಪ್ಪನ ಗ್ಯಾಂಗಂತೆ. ಒಳ್ಳೇದಾಯ್ತು. ಒಂದ್ಸಲ ಒಳಗೆ ಬಂದು ಬಾಗಿಲು ದಾಟಿ ಹೋಗ್ಲಿ. ಸ್ನಾನ ಮಾಡದೆ ಬರೋಕೆ ಹೇಳು."

ಅವಳು ಅವನ ಮುಖವನ್ನೇ ನೋಡಿದಳು.

"ಯಾಕೆ ಹಾಗೆ ನೋಡ್ತೀಯಾ? ಇದರಲ್ಲಿ ಅವಮಾನ ಏನು ಬಂತು? ವಾಸನೆ ಅಂದ್ರೆ ಬರೀ ಮಾಹಿತಿ. ಇದು ನನ್ನ ಅಭಿಪ್ರಾಯ."

ಸ್ನಾನ ಮಾಡದೆ ಬರೋಕೆ ಹೇಳು. ಎಷ್ಟು ಸಲೀಸಾಗಿ ಬಂತು ಆ ಬಾಯಿಗೆ! ಅವಳ ಅಪ್ಪ ಮೂವತ್ತು ವರ್ಷದಲ್ಲಿ ಒಂದು ದಿನವೂ ಸ್ನಾನ ಮಾಡದೆ ಹೊಸಿಲು ದಾಟಿದವನಲ್ಲ. ಬೀದಿ ನಲ್ಲಿಯ ಕೆಳಗೆ ಕೂತು ಎರಡು ಸಲ ಸೋಪು. ಮನೆಯ ಹಿಂದಿನ ಬಚ್ಚಲಲ್ಲಿ ಮತ್ತೊಂದು ಸಲ. ಉಗುರಿನ ಸಂದಿಗೆ ಕಡ್ಡಿ. ಕಿವಿಯ ಹಿಂದೆ ಕಲ್ಲು. ಚರ್ಮ ಕೆಂಪಾಗುವವರೆಗೆ ಉಜ್ಜಿ, ಒಗೆದ ಬಟ್ಟೆ ಹಾಕಿದ ಮೇಲೇ ಮಕ್ಕಳನ್ನು ಮುಟ್ಟುತ್ತಿದ್ದ. ಅವಳು ಹುಡುಗಿಯಾಗಿದ್ದಾಗ ಓಡಿ ಹೋಗಿ ತಬ್ಬಿಕೊಳ್ಳಲು ಹೋದರೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿಯುತ್ತಿದ್ದ. "ತಡಿ ತಡಿ, ಇನ್ನೂ ನಿಮ್ಮಪ್ಪ ಆಗಿಲ್ಲ ನಾನು" ಅನ್ನುತ್ತಿದ್ದ. ಆ ಮನುಷ್ಯನಿಗೆ ಸ್ನಾನ ಮಾಡಬೇಡ ಎಂದು ಯಾವ ನಾಲಗೆಯಿಂದ ಹೇಳುವುದು?

ಅವಳು ಹೇಳಲಿಲ್ಲ. ಸಂಜೆ ಮನೆಯಲ್ಲಿ ಬೇರೇನೋ ಹೇಳಿದಳು.

"ನಾಳೆ ಕೆಲಸದ ಮಧ್ಯೆ ಒಂದ್ಸಲ ನಮ್ಮ ಆಫೀಸಿಗೆ ಬಂದು ಹೋಗಪ್ಪಾ. ಆ ಪೆಟ್ಟಿಗೆ ತೋರಿಸ್ತಾರೆ."

"ತಯಾರಾಯ್ತಾ?" ಅಪ್ಪನ ಕಣ್ಣು ಅರಳಿತು. "ಗುಂಡಿಗೆ ಇಳಿಸಿ ತೋರಿಸ್ತಾರಾ?"

ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅಮ್ಮ ಟ್ರಂಕಿನಿಂದ ಬಿಳಿ ಅಂಗಿ ತೆಗೆದು ಇಸ್ತ್ರಿ ಹಾಕಲು ಕೂತಳು.

ಮಾರನೆಯ ದಿನ ಹನ್ನೊಂದು ಗಂಟೆ. ಬಾಗಿಲ ಚೌಕಟ್ಟಿನ ಕೊಕ್ಕೆಗೆ ಮೂಗನ್ನು ತೂಗುಹಾಕಿದ್ದರು. ಎದುರಿಗೆ ಮೆತ್ತನೆಯ ಕುರ್ಚಿಯಲ್ಲಿ ಯಜಮಾನ. ಸುತ್ತ ಕಪ್ಪು ಪಟ್ಟಿಗಳು. ಮೊದಲು ನಾಲ್ಕು ಕಪ್ಪು ಪಟ್ಟಿಯವರು ಒಬ್ಬೊಬ್ಬರಾಗಿ ಬಾಗಿಲು ದಾಟಿದರು. ಪೆಟ್ಟಿಗೆ ತೆಪ್ಪಗಿತ್ತು. ಯಜಮಾನ ಆಕಳಿಸಿದ.

ಆಮೇಲೆ ಅಪ್ಪ ಬಂದ.

ಬೆಳಗಿನಿಂದ ಹಿಂದುಗಡೆ ಕೆಸರು ಎತ್ತಿದ್ದವನು. ರಸ್ತೆಯ ನಲ್ಲಿಯಲ್ಲಿ ಮೈ ಉಜ್ಜಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಬಿಳಿ ಅಂಗಿ ತೆಗೆದು ಹಾಕಿಕೊಂಡಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಕುತ್ತಿಗೆಗೆ ಪೌಡರು. ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟಿದ್ದ. ಜನರ ನಡುವೆ ಮಗಳನ್ನು ಹುಡುಕಿದ. ಕಂಡಳು. ಮುಖ ತುಂಬ ನಕ್ಕ.

"ಸ್ನಾನ ಬೇಡ ಅಂತ ಹೇಳಿರ್ಲಿಲ್ವಾ ನಾನು?" ಅಭಿಪ್ರಾಯಪ್ಪ ಹಲ್ಲು ಕಚ್ಚಿ ಅವಳ ಕಿವಿಯಲ್ಲಿ ಅಂದ.

ಅಪ್ಪ ಬಾಗಿಲೊಳಗೆ ಕಾಲಿಟ್ಟ. ಮೂಗು ಕೂಗಿತು.

ಅಪ್ಪನ ನಗು ಆರಿತು. ಆಮೇಲೆ ಇಡೀ ಹಾಲ್ ಅದುರುವಂತೆ ಕಿರುಚಿದ.

"ಗ್ಯಾಸು! ಗ್ಯಾಸು ಬಂದಿದೆ! ಆಚೆ ಬನ್ನಿ, ಎಲ್ಲಾ ಆಚೆ ಬನ್ನಿ!"

ಯಾರೂ ಅಲ್ಲಾಡಲಿಲ್ಲ. ಬಾಯಿ ಬಿಟ್ಟು ನೋಡುತ್ತಿದ್ದರು. ಅಪ್ಪನಿಗೆ ಕಂಡದ್ದು ಆ ತೆರೆದ ಬಾಯಿಗಳು. ಹತ್ತಿರದಲ್ಲಿದ್ದವನನ್ನು ತೋಳು ಹಿಡಿದು ಎಳೆದ. ಅವನು ಅಭಿಪ್ರಾಯಪ್ಪ. ಮೂವತ್ತು ವರ್ಷ ಕೆಸರಿನ ಬಕೆಟ್ಟು ಎಳೆದ ಕೈ ಅದು. ಅಭಿಪ್ರಾಯಪ್ಪ ಬೂಟು ಜಾರಿ, ಅಂಗಿಯ ಗುಂಡಿ ಕಿತ್ತು, ಕಾರಿಡಾರಿನ ಉದ್ದಕ್ಕೂ ಎಳೆಸಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಬಿದ್ದ. "ಉಸಿರು ತಗೊಳ್ಳಿ ಸಾರ್, ಜೋರಾಗಿ ತಗೊಳ್ಳಿ" ಎಂದು ಅವನ ಬೆನ್ನಿಗೆ ಗುದ್ದಿ, ಅಪ್ಪ ಮತ್ತೆ ಒಳಗೆ ಓಡಿದ. ಸಾವು ಇದೆ ಎಂದು ತಿಳಿದ ಕೋಣೆಗೆ ವಾಪಸು ಓಡಿದ. ಅವತ್ತು ನಾಲ್ಕು ಜನ ಹಿಡಿದಿದ್ದರು. ಇವತ್ತು ಹಿಡಿಯುವವರಿರಲಿಲ್ಲ.

"ಮಗಳೇ, ಉಸಿರು ಹಿಡ್ಕೋ! ನನ್ನ ಕೈ ಹಿಡ್ಕೋ!"

ಆಗ ನಗು ಶುರುವಾಯಿತು. ಒಬ್ಬ ಕಪ್ಪು ಪಟ್ಟಿಯವನು ಬಾಯಿಗೆ ಕೈ ಅಡ್ಡ ಹಿಡಿದ. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. ಯಜಮಾನ ತೊಡೆ ತಟ್ಟಿಕೊಂಡು ಎದ್ದ.

"ಸ್ನಾನ ಮಾಡಿ ಬಂದ್ರೂ ಹಿಡಿದುಬಿಡ್ತಲ್ರೀ! ಭೇಷ್!"

ಅಭಿಪ್ರಾಯಪ್ಪ ಕುಂಟುತ್ತ ಒಳಗೆ ಬಂದ. ಬಂದವನೇ ಗೋಡೆಯಲ್ಲಿದ್ದ ಸ್ಯಾನಿಟೈಸರ್ ಒತ್ತಿದ. ಅಂಗೈಗೆ ಹಚ್ಚಿದ. ಮೊಣಕೈವರೆಗೆ ಹಚ್ಚಿದ. ಅಪ್ಪ ಹಿಡಿದಿದ್ದ ತೋಳಿಗೆ ಮೂರು ಸಲ ಹಚ್ಚಿದ. ಜೀವ ಹೋಗುತ್ತದೆ ಎಂದು ನಂಬಿ ತನ್ನನ್ನು ಮೊದಲು ಎಳೆದು ಹಾಕಿದ ಕೈಯನ್ನು ಅವನು ತೊಳೆದುಕೊಂಡ.

"ದೂರ ನಿಲ್ಲಯ್ಯಾ! ಮುಟ್ಟಬೇಡ ಯಾರನ್ನೂ!"

ಅಪ್ಪ ಒಬ್ಬೊಬ್ಬರ ಮುಖ ನೋಡಿದ. ಯಾರೂ ಬೀಳುತ್ತಿಲ್ಲ. ಯಾರ ಕಣ್ಣೂ ಮೇಲಕ್ಕೆ ಸಿಕ್ಕಿಕೊಂಡಿಲ್ಲ. ಪೆಟ್ಟಿಗೆ ಮಾತ್ರ ಬಡಕೊಳ್ಳುತ್ತಿದೆ.

"ಗ್ಯಾಸ್ ಎಲ್ಲಿದೆ ಮಗಳೇ?"

"ಗ್ಯಾಸಿಲ್ಲಪ್ಪಾ."

"ಮತ್ಯಾಕೆ ಕೂಗ್ತಿದೆ?"

ಇದಕ್ಕೆ ಅವಳೇ ಉತ್ತರ ಹೇಳಬೇಕಿತ್ತು. ಅದನ್ನು ಹೇಳಿಕೊಟ್ಟವಳು ಅವಳೇ.

"ನಿನ್ನ ಕಂಡು ಕೂಗ್ತಿದೆ."

ಅಪ್ಪ ಅರ್ಥವಾಗದವನಂತೆ ನಿಂತ. ಆಮೇಲೆ ನಿಧಾನವಾಗಿ ಬಿಳಿ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡ. ಒಂದು ತೋಳು. ಇನ್ನೊಂದು ತೋಳು. ಅಷ್ಟು ಜನರ ಎದುರಿಗೆ.

"ಸ್ನಾನ ಮಾಡ್ಕೊಂಡೇ ಬಂದೆನಲ್ಲೇ" ಎಂದ.

ನಾನೂರು ಸೀಸೆ ಮೂಸಿದಾಗ ಬರದಿದ್ದ ವಾಂತಿ ಈಗ ಅವಳ ಗಂಟಲಿಗೆ ಬಂತು. ಆ ಪೌಡರಿನ ಘಮಕ್ಕೆ ಅಲ್ಲ. ಸ್ಯಾನಿಟೈಸರಿನ ವಾಸನೆಗೆ. ಮೆತ್ತನೆಯ ಕುರ್ಚಿಯ ವಾಸನೆಗೆ. ಇಷ್ಟು ದಿನ ಸುಮ್ಮನಿದ್ದ ತನ್ನ ಬಾಯಿಯ ವಾಸನೆಗೆ.

ಅಭಿಪ್ರಾಯಪ್ಪ ಅಂಗಿ ಸರಿಮಾಡಿಕೊಂಡು ಯಜಮಾನನ ಕಡೆ ತಿರುಗಿದ್ದ.

"ನೋಡಿದ್ರಲ್ಲ, ಯಂತ್ರಕ್ಕೆ ಮೇಲು ಕೀಳು ಇಲ್ಲ." ಇವಳ ಕಡೆ ಕಾಗದ, ಪೆನ್ನು ಚಾಚಿದ. "ಸಹಿ ಹಾಕು. ಆಮೇಲೆ ಅವರನ್ನ ಹಿಂದಿನ ಬಾಗಿಲಿಂದ ಕಳಿಸು."

ಅವಳು ಕಾಗದ ಮುಟ್ಟಲಿಲ್ಲ.

"ಇವತ್ತಿನ ಅಭಿಪ್ರಾಯ ನಂದು."

"ಏನು?"

"ಬೆಳಿಗ್ಗೆ ಡೆಮೊ ಗಡಿಬಿಡೀಲಿ ಯಾರೂ ಅಭಿಪ್ರಾಯ ಹೇಳ್ಲಿಲ್ಲ. ನಾನು ಹೇಳ್ತೀನಿ."

"ಪಟ್ಟೀಲಿ ನಿನ್ನ ಹೆಸರಿಲ್ಲ."

"ಗೊತ್ತು. ಆದ್ರೂ ಹೇಳ್ತೀನಿ. ತಂತ್ರಜ್ಞಾನದ ಮೇಲೆ ಒಂದು ಮಾತು. ಪೆಟ್ಟಿಗೆ ಸರಿಯಾಗಿದೆ. ನಾನು ಬರೆದಿದ್ದು ಮನುಷ್ಯ ಅಂತ. ಅದನ್ನ ಅಳಿಸಿ ತಡೆ ಅಂತ ಬರೆದಿದ್ದು ನೀನು. ಯಂತ್ರಕ್ಕೆ ಮೇಲು ಕೀಳು ಗೊತ್ತಿರ್ಲಿಲ್ಲ, ನೀನು ಕಲಿಸಿದೆ. ಕೆಲಸದ ಮೇಲೆ ಒಂದು ಮಾತು. ನಿನ್ನ ಹೇಲು ಐದು ದಿನದಿಂದ ಹಿಂದುಗಡೆ ಕಟ್ಕೊಂಡಿದೆ. ಬೆಳಗಿಂದ ಅದನ್ನ ಎತ್ತಿದ್ದು ನಮ್ಮಪ್ಪ. ಅವರ ಮೈಮೇಲಿರೋ ನಾತ ಅವರದಲ್ಲ, ನಿಂದು. ಸಂಸ್ಕೃತಿ ಮೇಲೆ..." ಅವಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಸಂಸ್ಕೃತಿ ಮೇಲೆ ಹೇಳೋಕೆ ಏನೂ ಇಲ್ಲ. ನಿಮ್ಮನ್ನೆಲ್ಲ ನೋಡಿದ್ರೆ ನನಗೆ ಹೇಸಿಗೆ ಆಗುತ್ತೆ. ಥೂ!"

ಚಪ್ಪಾಳೆ ಬೀಳಲಿಲ್ಲ. ಪ್ಯಾಂಟ್ರಿಯ ಬಾಗಿಲಲ್ಲಿ ಲೋಟವೊಂದು ಠಣ್ ಎಂದಿತು. ಆಯಾ ಬೇಕೆಂದೇ ಬಡಿದದ್ದು.

ಅವಳು ಬಾಗಿಲಿಗೆ ಹೋದಳು. ಕೂಗುತ್ತಿದ್ದ ಪೆಟ್ಟಿಗೆಯನ್ನು ಕೊಕ್ಕೆಯಿಂದ ಬಿಡಿಸಿಕೊಂಡಳು. ಕೊರಳಿನ ಹಳದಿ ಪಟ್ಟಿ ತೆಗೆದು ಅದೇ ಕೊಕ್ಕೆಗೆ ಹಾಕಿದಳು.

"ಅದು ಕಂಪನಿ ಆಸ್ತಿ! ಇಡು ಕೆಳಗೆ!"

"ಪೆಟ್ಟಿಗೆ ನಿಮ್ಮ ಆಸ್ತಿ. ಒಳಗಿರೋದು ನಮ್ಮಪ್ಪ. ಬಾರಪ್ಪಾ."

ಸೆಕ್ಯೂರಿಟಿಯವನು ಒಂದು ಹೆಜ್ಜೆ ಮುಂದೆ ಬಂದ. ಅಪ್ಪನನ್ನು ನೋಡಿದ, ಕೂಗುವ ಪೆಟ್ಟಿಗೆ ನೋಡಿದ, ದಾರಿ ಬಿಟ್ಟ.

ಕಟ್ಟಡದ ಹಿಂದೆ ಗುಂಡಿಯ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಎತ್ತಿ ಹಾಕಿದ ಕೆಸರಿನ ರಾಶಿ. ಹಗ್ಗ ಹಿಡಿಯುವವನು ಬೀಡಿ ಆರಿಸಿ ಕಾಯುತ್ತಿದ್ದ. ಗುಂಡಿಯ ಅಂಚಿನಲ್ಲಿ ನಿಂತು ಅವಳೇ ಬಾಯಿ ತೆರೆದಳು.

"ಇದಕ್ಕೆ ಈಗ ಗ್ಯಾಸ್ ಗೊತ್ತಾಗಲ್ಲಪ್ಪಾ. ಆ ಭಾಗ ಕಿತ್ತು ಡ್ರಾಯರಿಗೆ ಹಾಕಿದಾರೆ. ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾವಾಗ ಕಿತ್ರು?"

"ಆರು ತಿಂಗಳಾಯ್ತು."

ಅಪ್ಪ ಗುಂಡಿಯೊಳಗೆ ನೋಡುತ್ತ ನಿಂತ.

"ಆರು ತಿಂಗಳು ನಾನು ಸೀಸೆ ತುಂಬ್ತಾನೇ ಇದ್ದೆ."

"ಹೂಂ."

"ಒಳಗೆ ನಿಂತು ತುಂಬ್ತಿದ್ದೆ ಕಣೇ. ಒಂದೊಂದ್ಸಲ ನಿಮ್ಮಣ್ಣನ ಹತ್ರ ಮಾತಾಡ್ತಿದ್ದೆ. ಇನ್ನು ಸ್ವಲ್ಪ ದಿನ ಕಣೋ, ನಿನ್ನ ತಂಗಿ ಮಾಡ್ತಿದಾಳೆ ಅಂತ."

ಅಪ್ಪ ಕ್ಷಮಿಸಲೂ ಇಲ್ಲ, ಬಯ್ಯಲೂ ಇಲ್ಲ. "ಅದನ್ನ ಮನೇಲಿ ಮಾತಾಡೋಣ" ಎಂದ. ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಗುಂಡಿಯ ಅಂಚಿನಲ್ಲಿಟ್ಟ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ, ಆ ಇಸ್ತ್ರಿಯ ಬಿಳಿ ಅಂಗಿಯಲ್ಲೇ. ಪೆಟ್ಟಿಗೆ ಕೂಗುತ್ತಲೇ ಇತ್ತು.

ಗ್ಯಾಂಗಿನ ಮೇಸ್ತ್ರಿ ಓಡಿ ಬಂದ. "ಏನಯ್ಯಾ ಇದು ಕಿರಿಕಿರಿ? ಕಟ್ಟಡದೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ಟಾಯ್ಲೆಟ್ಟು ತುಂಬಿ ಹೊರಗೆ ಬರ್ತಿದೆಯಂತೆ. ಇಳಿ ಬೇಗ."

"ಇಳಿಯಲ್ಲ."

"ಯಾಕೆ?"

"ಇದು ಮೂಗು. ಇದೇ ಕಟ್ಟಡದೋರು ಮಾಡಿರೋದು. ಇದು ಕೂಗ್ತಿದ್ರೆ ಇಳೀಬಾರ್ದು ಅಂತ ಅವರೇ ಗೋಡೆ ಮೇಲೆ ಬರೆದಿದಾರೆ. ಹೋಗಿ ನೋಡಿ."

ಹಗ್ಗದವನು ಅಪ್ಪನ ಮುಖ ನೋಡಿದ. ಪೆಟ್ಟಿಗೆ ನೋಡಿದ. ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು, ಬಂದು ಪೆಟ್ಟಿಗೆಯ ಇನ್ನೊಂದು ಪಕ್ಕ ಕೂತ. ಕೂಗು ಇನ್ನೂ ಜೋರಾಯಿತು.

"ಎಷ್ಟೊತ್ತು ಕೂಗುತ್ತೆ ಇದು?" ಮೇಸ್ತ್ರಿ ಕಿವಿ ಮುಚ್ಚಿಕೊಂಡ.

"ನಾವು ಇರೋವರೆಗೂ."

"ಕೆಲಸ ಕಿತ್ತು ಹಾಕ್ತೀನಿ! ನೀನಿಲ್ದಿದ್ರೆ ಇನ್ನೊಬ್ಬ ಬರ್ತಾನೆ."

"ಬರ್ಲಿ. ಅವನ್ನ ಕಂಡ್ರೂ ಕೂಗುತ್ತೆ. ಇಳಿಯೋರನ್ನೆಲ್ಲ ಕಂಡು ಕೂಗೋ ಹಾಗೆ ಮಾಡಿದಾರೆ."

ಹಿಂದಿನ ಬಾಗಿಲು ತೆರೆಯಿತು. ಅಭಿಪ್ರಾಯಪ್ಪ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತ. ಅವನ ಬೂಟಿನ ಸುತ್ತ ಒಳಗಿಂದ ಕಪ್ಪು ನೀರು ಹರಿದು ಬರುತ್ತಿತ್ತು. ಹಿಂದೆ ನಾಲ್ಕು ಕಪ್ಪು ಪಟ್ಟಿಗಳು, ಅವುಗಳ ಹಿಂದೆ ಯಜಮಾನ.

"ಯಾರಾದ್ರೂ ಹೋಗಿ ಆ ಪೆಟ್ಟಿಗೆ ತನ್ನಿ!"

ಒಬ್ಬ ಎರಡು ಹೆಜ್ಜೆ ಇಟ್ಟ. ಕೆಸರಿನ ರಾಶಿ ನೋಡಿದ. ಪೆಟ್ಟಿಗೆಯನ್ನು ತಬ್ಬಿ ಕೂತಿದ್ದ ಇಬ್ಬರನ್ನು ನೋಡಿದ. ಬಾಯಿಗೆ ಕೈ ಹಿಡಿದು ವಾಪಸು ಹೋದ. ಇನ್ನೊಬ್ಬ ಹೊರಡಲೇ ಇಲ್ಲ. ಹತ್ತು ಹೆಜ್ಜೆಯ ದಾರಿ ಅದು. ಬೇಲಿ ಇರಲಿಲ್ಲ, ಬಾಗಿಲು ಇರಲಿಲ್ಲ. ಅವರ ಹೇಸಿಗೆಯೇ ಪೆಟ್ಟಿಗೆಗೆ ಕಾವಲಾಯಿತು.

ಅಷ್ಟರಲ್ಲಿ ಜೋರು ಗಾಳಿ ಬೀಸಿ ರಾಶಿಯ ನಾತವನ್ನೂ ಅವರ ಮೈಯ ನಾತವನ್ನೂ ಆಚೆ ಹೊತ್ತೊಯ್ದಿತು. ಕೂಗು ತಗ್ಗಿತು. ದೀಪ ಒಮ್ಮೆ ಮಿನುಗಿ ಆರಿತು. ಪೆಟ್ಟಿಗೆ ಸುಮ್ಮನಾಯಿತು. 'ತಡೆ'ಯನ್ನು ಮಾತ್ರ ಬಲ್ಲ ಆ ಪೆಟ್ಟಿಗೆಗೆ ಗುಂಡಿಯೊಳಗಿನ ಸಾವು ಗೊತ್ತಿರಲಿಲ್ಲ.

"ನಿಂತೋಯ್ತಲ್ಲ!" ಮೇಸ್ತ್ರಿ ಕೈ ತಟ್ಟಿದ. "ಇಳಿ ಈಗ."

"ನಿಂತಾಗಲೇ ಇಳೀಬಾರ್ದು ಸಾರ್" ಎಂದ ಅಪ್ಪ. "ನನ್ನ ಮಗನೂ ನಿಂತಾಗಲೇ ಹೋಗಿದ್ದು."

ಅವನು ಬಿಳಿ ಅಂಗಿಯ ತೋಳು ಚಾಚಿ ಪೆಟ್ಟಿಗೆಯ ತೂತುಗಳಿಗೆ ಒತ್ತಿ ಹಿಡಿದ.

ಅದು ಮತ್ತೆ ಕೂಗಿತು.